ಯಕೃತ್ತಿಗೆ ನಮ್ಮ ಎರಡು ಬೆಳೆಗಳು ಮಾಡುವುದೇನು?

ಜಯನಗರ, ಬನಶಂಕರಿಗಳ ದರ್ಶಿನಿಗಳಲ್ಲಿ ಗಿರಾಕಿಗಳು ಕುಡಿಯುವುದು ನಾವು ಬೆಳೆದ ಕಾಫಿ. ಹೊರಬಂದು ಬೀಡಾ ಅಂಗಡಿಯಲ್ಲಿ ಅಗಿಯುವುದು ನಾವು ಬೆಳೆದ ಅಡಿಕೆ. ಯಕೃತ್ತಿನ, ಅಂದರೆ ಲಿವರಿನ ಮೇಲೆ ಇವೆರಡರ ಪರಿಣಾಮ ಒಂದೇ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ಕಾಫಿಯ ಬಗೆಗಿನ ಅಧ್ಯಯನಗಳನ್ನು ಪರಿಶೀಲಿಸಿತು. ಕಾಫಿ ಕುಡಿಯುವವರಲ್ಲಿ ಯಕೃತ್ತಿನ ಕ್ಯಾನ್ಸರ್ ಕಡಿಮೆಯೆಂದು ಕಂಡುಬಂದಿತು. ಯಕೃತ್ತು ನಾರುಗಟ್ಟಿ ಗಡುಸಾಗುವ ಸಿರೋಸಿಸ್ ರೋಗವೂ ಅವರಲ್ಲಿ ಕಡಿಮೆಯೆಂದು ಬೇರೆ ಅಧ್ಯಯನಗಳು ತಿಳಿಸುತ್ತವೆ. ಆದರೂ ಕಾಫಿ ಔಷಧವಲ್ಲ. ಮದ್ಯ ಮಾಡಿದ ಹಾನಿಯನ್ನು ಅದು ತೊಳೆಯಲಾರದು.

ಅಡಿಕೆಯ ವಿಷಯ ಕಹಿಯಾದುದು. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಇದೇ ಸಂಸ್ಥೆಯ 2004ರ ವರದಿ ಹೇಳಿತು. ಬಾಯಿಯ ಕ್ಯಾನ್ಸರಿಗೆ ಪುರಾವೆ ಬಲವಾಗಿದೆ. ಎಲೆಯಡಿಕೆಗೂ ಯಕೃತ್ತಿನ ಕ್ಯಾನ್ಸರಿಗೂ ನಂಟಿರುವಂತೆ 2012ರ ವರದಿ ಗುರುತಿಸಿದೆ. ಆ ಪುರಾವೆ ಇನ್ನೂ ಸೀಮಿತ.

ಅಡಿಕೆ ನಮಗೆ ಅನ್ನ ಕೊಡುವ ಬೆಳೆ, ನಿಜ. ಹಾಗೆಂದು ಈ ಮಾತನ್ನು ಮುಚ್ಚಿಡುವುದು ಸಲ್ಲದು. ಸುಲಿಯುವಾಗ ಹೋಳನ್ನು ಬಾಯಿಗೆ ಹಾಕಿಕೊಳ್ಳುವವರು ನಮ್ಮ ಮನೆಯವರೇ, ನಮ್ಮ ಕೆಲಸಗಾರರೇ. ಬಾಯಿ ತೆರೆಯಲು ಬಿಗಿಯಾದರೆ, ಕಣ್ಣು ಹಳದಿಯಾದರೆ ತಡಮಾಡದೆ ವೈದ್ಯರಿಗೆ ತೋರಿಸೋಣ. ಮಕ್ಕಳಿಗಂತೂ ಅಗಿಯುವ ಚಟ ಹತ್ತದಂತೆ ನೋಡಿಕೊಳ್ಳೋಣ.