ಮಿಲ್ಗ್ರಾಮ್ ಪ್ರಯೋಗ

ಮಿಲ್ಗ್ರಾಮ್ ಪ್ರಯೋಗವು ಸಾಮಾಜಿಕ ಮನೋವಿಜ್ಞಾನದ ಒಂದು ಪ್ರಸಿದ್ಧ ಪ್ರಯೋಗ ಸರಣಿ. ಅಧಿಕಾರಸ್ಥಾನದಲ್ಲಿರುವವರು ಆದೇಶಿಸಿದಾಗ ಸಾಮಾನ್ಯ ಜನರು ತಮ್ಮ ಅಂತಃಸಾಕ್ಷಿಗೆ ವಿರುದ್ಧವಾದ ಕೆಲಸವನ್ನೂ ಎಷ್ಟರಮಟ್ಟಿಗೆ ಮಾಡುತ್ತಾರೆ ಎಂಬುದನ್ನು ಅಳೆಯುವುದು ಇದರ ಉದ್ದೇಶವಾಗಿತ್ತು. ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್ಗ್ರಾಮ್ (1933–1984) ಇದನ್ನು 1961ರ ಆಗಸ್ಟ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದರು. ಮೊದಲ ವರದಿ 1963ರಲ್ಲಿ ಪ್ರಕಟವಾಯಿತು. ಇಡೀ ಸರಣಿಯ ವಿವರಗಳನ್ನು ಒಳಗೊಂಡ ಗ್ರಂಥ 1974ರಲ್ಲಿ ಹೊರಬಂದಿತು.

ಹಿನ್ನೆಲೆ

ಮಿಲ್ಗ್ರಾಮ್ ಅವರು ಮನೋವಿಜ್ಞಾನಿ ಸಾಲೊಮನ್ ಆಶ್ ಅವರ ಸಹಾಯಕರಾಗಿ ಕೆಲಸ ಮಾಡಿದ್ದರು. 1950ರ ದಶಕದ ಆರಂಭದಲ್ಲಿ ಆಶ್ ಅವರು ಗುಂಪಿನ ಒತ್ತಡವನ್ನು ಕುರಿತು ಪ್ರಯೋಗ ನಡೆಸಿದ್ದರು. ಅದರಲ್ಲಿ ಗೆರೆಗಳ ಉದ್ದವನ್ನು ಹೋಲಿಸುವ ಸುಲಭವಾದ ಪ್ರಶ್ನೆಗೆ ಗುಂಪಿನ ಉಳಿದವರೆಲ್ಲರೂ ಮೊದಲೇ ಮಾಡಿಕೊಂಡ ಒಪ್ಪಂದದಂತೆ ತಪ್ಪು ಉತ್ತರ ಹೇಳುತ್ತಿದ್ದರು. ಇದನ್ನರಿಯದೆ ಪಾಲ್ಗೊಂಡವರ ಪೈಕಿ ಸುಮಾರು ನಾಲ್ಕನೇ ಮೂರರಷ್ಟು ಮಂದಿ ಒಮ್ಮೆಯಾದರೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಉತ್ತರವನ್ನೇ ಹೇಳಿದರು. ಗುಂಪಿನಲ್ಲಿ ಒಬ್ಬನಾದರೂ ಸರಿಯಾದ ಉತ್ತರ ಹೇಳಿದಾಗ ಈ ಪ್ರವೃತ್ತಿ ಗಣನೀಯವಾಗಿ ಕುಗ್ಗುತ್ತಿತ್ತು.

ಗೆರೆಯ ಉದ್ದವನ್ನು ತಪ್ಪಾಗಿ ಹೇಳುವುದರಿಂದ ಯಾರಿಗೂ ಹಾನಿಯಿಲ್ಲ; ಮತ್ತೊಬ್ಬರಿಗೆ ನೋವುಂಟುಮಾಡುವ ಕಾರ್ಯದಲ್ಲಿಯೂ ಜನರು ಹೀಗೆಯೇ ಮಣಿಯುವರೇ ಎಂಬುದು ಮಿಲ್ಗ್ರಾಮ್ ಅವರ ಪ್ರಶ್ನೆಯಾಗಿತ್ತು. ಯಹೂದಿ ವಲಸಿಗರ ಕುಟುಂಬದಲ್ಲಿ ಜನಿಸಿದ ಅವರಿಗೆ ನಾಜಿ ಜರ್ಮನಿಯ ಸಾಮೂಹಿಕ ಹತ್ಯೆಗಳು ಈ ಪ್ರಶ್ನೆಯ ಹಿಂದಿದ್ದ ಮುಖ್ಯ ಕಾಳಜಿಯಾಗಿದ್ದವು. ನಾಜಿ ಅಧಿಕಾರಿ ಅಡಾಲ್ಫ್ ಐಶ್ಮನ್‌ನ ವಿಚಾರಣೆ 1961ರ ಏಪ್ರಿಲ್‌ನಲ್ಲಿ ಜೆರುಸಲೇಮಿನಲ್ಲಿ ಆರಂಭವಾಗಿತ್ತು. ತಾನು ಮೇಲಿನವರ ಆದೇಶವನ್ನು ಪಾಲಿಸಿದೆನೆಂಬುದು ಅವನ ಪ್ರಮುಖ ಸಮರ್ಥನೆಯಾಗಿತ್ತು.

ವಿಧಾನ

ಸ್ಮರಣಶಕ್ತಿ ಮತ್ತು ಕಲಿಕೆಯ ಅಧ್ಯಯನವೆಂದು ಜಾಹೀರಾತು ನೀಡಿ 20ರಿಂದ 50 ವರ್ಷದೊಳಗಿನ 40 ಪುರುಷರನ್ನು ಆಯ್ದುಕೊಳ್ಳಲಾಯಿತು. ಇವರು ವಿವಿಧ ವೃತ್ತಿಗಳವರಾಗಿದ್ದರು. ಪ್ರತಿಯೊಬ್ಬರಿಗೂ 4 ಡಾಲರ್ ಸಂಭಾವನೆ ಮತ್ತು 50 ಸೆಂಟ್ ಪ್ರಯಾಣವೆಚ್ಚವನ್ನು ನೀಡಲಾಯಿತು. ಚೀಟಿ ಎತ್ತುವ ನೆಪದಲ್ಲಿ ಪಾಲ್ಗೊಂಡವನಿಗೆ ಯಾವಾಗಲೂ ‘ಶಿಕ್ಷಕ’ನ ಪಾತ್ರವೇ ಬರುವಂತೆ ಮಾಡಲಾಗಿತ್ತು. ‘ವಿದ್ಯಾರ್ಥಿ’ಯಾದವನು ಸಂಶೋಧಕರ ಕಡೆಯವನೇ ಆಗಿದ್ದ.

ವಿದ್ಯಾರ್ಥಿಯನ್ನು ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಕಟ್ಟಿ, ಮೈಗೆ ವಿದ್ಯುತ್ ತಂತಿ ಜೋಡಿಸಲಾಗುತ್ತಿತ್ತು. ಅವನು ಪ್ರತಿ ತಪ್ಪು ಉತ್ತರ ನೀಡಿದಾಗಲೂ ಶಿಕ್ಷಕನು ಒಂದು ಸ್ವಿಚ್ಚನ್ನು ಒತ್ತಿ ಆಘಾತ ನೀಡಬೇಕಿತ್ತು. ಯಂತ್ರದಲ್ಲಿ 15 ವೋಲ್ಟಿನಿಂದ 450 ವೋಲ್ಟಿನವರೆಗೆ, 15 ವೋಲ್ಟುಗಳ ಅಂತರದಲ್ಲಿ, 30 ಸ್ವಿಚ್ಚುಗಳಿದ್ದವು. ಪ್ರತಿ ತಪ್ಪಿಗೂ ಮುಂದಿನ ಸ್ವಿಚ್ಚಿಗೆ ಏರಬೇಕಿತ್ತು. ವಾಸ್ತವದಲ್ಲಿ ವಿದ್ಯಾರ್ಥಿಗೆ ಯಾವ ಆಘಾತವೂ ತಗಲುತ್ತಿರಲಿಲ್ಲ. ಆದರೆ ಯಂತ್ರ ನಿಜವೆಂದು ತೋರುವಂತೆ ಶಿಕ್ಷಕನಿಗೆ ಆರಂಭದಲ್ಲಿ 45 ವೋಲ್ಟಿನ ಒಂದು ಆಘಾತವನ್ನು ನೀಡಲಾಗುತ್ತಿತ್ತು. 300 ವೋಲ್ಟಿಗೆ ವಿದ್ಯಾರ್ಥಿ ಗೋಡೆ ಬಡಿಯುತ್ತಿದ್ದ. 315 ವೋಲ್ಟಿನ ನಂತರ ಅವನ ಕಡೆಯಿಂದ ಯಾವ ಸದ್ದೂ ಬರುತ್ತಿರಲಿಲ್ಲ.

ಶಿಕ್ಷಕನು ಹಿಂಜರಿದರೆ, ಬೂದುಬಣ್ಣದ ಕೋಟು ಧರಿಸಿದ ಪ್ರಯೋಗಕರ್ತನು ಮೊದಲೇ ನಿಗದಿಯಾಗಿದ್ದ ನಾಲ್ಕು ಮಾತುಗಳನ್ನು ಒಂದಾದ ಮೇಲೊಂದರಂತೆ ಹೇಳುತ್ತಿದ್ದ. ಮೊದಲನೆಯದು ದಯವಿಟ್ಟು ಮುಂದುವರಿಸಿ ಎಂಬ ವಿನಂತಿ. ಕೊನೆಯದು ನಿಮಗೆ ಬೇರೆ ಆಯ್ಕೆಯಿಲ್ಲ ಎಂಬ ಆಜ್ಞೆ. ಅನಂತರವೂ ನಿರಾಕರಿಸಿದರೆ ಪ್ರಯೋಗವನ್ನು ನಿಲ್ಲಿಸಲಾಗುತ್ತಿತ್ತು.

ಫಲಿತಾಂಶ

ಪ್ರಯೋಗಕ್ಕೂ ಮುನ್ನ ಅಭಿಪ್ರಾಯ ಕೇಳಲಾಗಿದ್ದ ಯೇಲ್‌ನ ಮನೋವಿಜ್ಞಾನ ವಿದ್ಯಾರ್ಥಿಗಳು, ನೂರರಲ್ಲಿ ಮೂವರಿಗಿಂತ ಹೆಚ್ಚು ಜನ ಕೊನೆಯ ಸ್ವಿಚ್ಚನ್ನು ಒತ್ತಲಾರರೆಂದು ಅಂದಾಜಿಸಿದ್ದರು. ಆದರೆ 40 ಮಂದಿಯಲ್ಲಿ 26 ಮಂದಿ, ಅಂದರೆ ಶೇ. 65ರಷ್ಟು ಜನ, 450 ವೋಲ್ಟಿನವರೆಗೂ ಮುಂದುವರಿದರು. 300 ವೋಲ್ಟಿಗಿಂತ ಮೊದಲು ಯಾರೂ ನಿಲ್ಲಿಸಲಿಲ್ಲ. ಆದರೂ ಇವರು ನಿರ್ವಿಕಾರವಾಗಿ ಮಣಿದವರಲ್ಲ: ಹಲವರು ಬೆವರಿದರು, ನಡುಗಿದರು, ತೊದಲಿದರು, ಕಾರಣವಿಲ್ಲದೆ ನಕ್ಕರು. ತಮ್ಮ ಕೃತ್ಯ ತಪ್ಪೆಂಬ ಅರಿವಿದ್ದೂ ಅವರ ಕೈ ಸ್ವಿಚ್ಚನ್ನು ಬಿಡಲಿಲ್ಲ.

ರೂಪಾಂತರಗಳು

ಸನ್ನಿವೇಶದ ಒಂದೊಂದು ಅಂಶವನ್ನು ಬದಲಿಸಿ ಮಿಲ್ಗ್ರಾಮ್ ಅವರು ಪ್ರಯೋಗವನ್ನು ಅನೇಕ ಬಾರಿ ನಡೆಸಿದರು. ವಿಧೇಯತೆಯು ವ್ಯಕ್ತಿಯ ಸ್ವಭಾವವನ್ನಷ್ಟೇ ಅವಲಂಬಿಸಿಲ್ಲ, ಸನ್ನಿವೇಶದ ರಚನೆಯನ್ನೂ ಬಹುವಾಗಿ ಅವಲಂಬಿಸಿದೆ ಎಂಬುದು ಇವುಗಳಿಂದ ಸ್ಪಷ್ಟವಾಯಿತು. ಕೊನೆಯ ಸ್ವಿಚ್ಚಿನವರೆಗೆ ಹೋದವರ ಪ್ರಮಾಣ ಹೀಗಿತ್ತು:

• ವಿದ್ಯಾರ್ಥಿ ಅದೇ ಕೋಣೆಯಲ್ಲಿದ್ದಾಗ: ಶೇ. 40
• ವಿದ್ಯಾರ್ಥಿಯ ಕೈಯನ್ನು ಶಿಕ್ಷಕನೇ ಹಿಡಿದು ಆಘಾತದ ಫಲಕದ ಮೇಲೆ ಒತ್ತಬೇಕಾದಾಗ: ಶೇ. 30
• ಪ್ರಯೋಗಕರ್ತ ದೂರವಾಣಿಯಲ್ಲಿ ಆದೇಶ ನೀಡಿದಾಗ: ಸುಮಾರು ಐದನೇ ಒಂದು ಭಾಗ
• ವಿಶ್ವವಿದ್ಯಾಲಯದ ಬದಲು ಬ್ರಿಜ್‌ಪೋರ್ಟ್ ನಗರದ ಸಾಮಾನ್ಯ ಕಟ್ಟಡದಲ್ಲಿ ನಡೆದಾಗ: ಶೇ. 47.5
• ಪಾಲ್ಗೊಂಡವರು ಮಹಿಳೆಯರಾಗಿದ್ದಾಗ: ಶೇ. 65

ಗುಂಪಿನ ಪ್ರಭಾವವನ್ನು ಪರೀಕ್ಷಿಸಿದ ಎರಡು ರೂಪಾಂತರಗಳು ವಿಶೇಷ ಮಹತ್ವದವು. ಒಂದರಲ್ಲಿ ಸ್ವಿಚ್ಚು ಒತ್ತುವ ಕೆಲಸವನ್ನು ಮತ್ತೊಬ್ಬನು ಮಾಡುತ್ತಿದ್ದ. ಪಾಲ್ಗೊಂಡವನದು ಪೂರಕ ಕೆಲಸ ಮಾತ್ರ. ಆಗ 40ರಲ್ಲಿ 37 ಮಂದಿ ಕೊನೆಯವರೆಗೂ ಸಹಕರಿಸಿದರು. ಇನ್ನೊಂದರಲ್ಲಿ ಜೊತೆಗಿದ್ದ ಇಬ್ಬರು ‘ಶಿಕ್ಷಕರು’ (ಇವರೂ ಸಂಶೋಧಕರ ಕಡೆಯವರೇ) ನಡುವೆ ಎದ್ದು ನಿರಾಕರಿಸಿದರು. ಆಗ ಕೊನೆಯವರೆಗೆ ಹೋದವರು 4 ಮಂದಿ ಮಾತ್ರ. ಹೀಗೆ ಗುಂಪು ಅಧಿಕಾರಕ್ಕೆ ಬಲ ನೀಡಬಲ್ಲದು; ಅದನ್ನು ಕುಂದಿಸಲೂ ಬಲ್ಲದು. ಇಬ್ಬರು ಪ್ರಯೋಗಕರ್ತರು ಪರಸ್ಪರ ವಿರುದ್ಧ ಆದೇಶ ನೀಡಿದಾಗ ಯಾರೂ ಕೊನೆಯವರೆಗೆ ಹೋಗಲಿಲ್ಲ.

ವ್ಯಾಖ್ಯಾನ

ಅಧಿಕಾರಕ್ಕೆ ಒಳಪಟ್ಟ ವ್ಯಕ್ತಿಯು ತನ್ನನ್ನು ಮತ್ತೊಬ್ಬರ ಇಚ್ಛೆಯನ್ನು ನೆರವೇರಿಸುವ ಸಾಧನವೆಂದು ಭಾವಿಸಿ, ಹೊಣೆಯನ್ನು ಆದೇಶ ಕೊಟ್ಟವರಿಗೆ ವರ್ಗಾಯಿಸುತ್ತಾನೆ ಎಂದು ಮಿಲ್ಗ್ರಾಮ್ ವಿವರಿಸಿದರು. ಅಲೆಕ್ಸ್ ಹ್ಯಾಸ್ಲಮ್ ಮತ್ತು ಸ್ಟೀಫನ್ ರೈಷರ್ ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಜನರು ಕುರುಡಾಗಿ ಆಜ್ಞೆ ಪಾಲಿಸಲಿಲ್ಲ. ವಿಜ್ಞಾನದ ಉದ್ದೇಶ ಉದಾತ್ತವೆಂದು ನಂಬಿ ಅದರೊಂದಿಗೆ ಗುರುತಿಸಿಕೊಂಡರು.

ಟೀಕೆ ಮತ್ತು ಪುನರಾವರ್ತನೆ

ಪಾಲ್ಗೊಂಡವರನ್ನು ವಂಚಿಸಿ ತೀವ್ರ ಮಾನಸಿಕ ಒತ್ತಡಕ್ಕೆ ಗುರಿಪಡಿಸಲಾಯಿತೆಂದು ಡಯಾನಾ ಬಾಮ್ರಿಂಡ್ 1964ರಲ್ಲಿ ಆಕ್ಷೇಪಿಸಿದರು. ಪಾಲ್ಗೊಂಡವರನ್ನು ನಂತರ ವಿಚಾರಿಸಿದಾಗ ಉತ್ತರಿಸಿದವರಲ್ಲಿ ಶೇ. 84ರಷ್ಟು ಜನ ಸಂತೋಷ ವ್ಯಕ್ತಪಡಿಸಿದರೆಂದು ಮಿಲ್ಗ್ರಾಮ್ ಪ್ರತಿಪಾದಿಸಿದರು. ದಾಖಲೆಗಳನ್ನು ಪರಿಶೀಲಿಸಿದ ಜೀನಾ ಪೆರ್ರಿ, ಪ್ರಯೋಗಕರ್ತನು ಹಲವು ಬಾರಿ ನಿಗದಿತ ಮಾತುಗಳನ್ನು ಮೀರಿ ಒತ್ತಾಯಿಸಿದನೆಂದೂ, ಆಘಾತ ನಿಜವೇ ಎಂಬ ಸಂದೇಹ ಅನೇಕರಿಗಿತ್ತೆಂದೂ ವಾದಿಸಿದ್ದಾರೆ.

ಇಂದಿನ ಸಂಶೋಧನಾ ನೀತಿಯಡಿ ಮೂಲ ಪ್ರಯೋಗವನ್ನು ಯಥಾವತ್ತಾಗಿ ನಡೆಸುವುದು ಕಷ್ಟಸಾಧ್ಯ. 2009ರಲ್ಲಿ ಜೆರ್ರಿ ಬರ್ಗರ್ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಪ್ರಯೋಗವನ್ನು 150 ವೋಲ್ಟಿಗೇ ನಿಲ್ಲಿಸಲಾಯಿತು. ಆ ಹಂತದಿಂದಾಚೆಗೂ ಮುಂದುವರಿಯಲು ಶೇ. 70ರಷ್ಟು ಜನ ಸಿದ್ಧರಿದ್ದರು.