ಹೆಲಿಕಾಪ್ಟರ್ ಎಂಜಿನ್ನಿನ ಪ್ರಾರಂಭ: ಇಂಧನದೋಷಗಳ ನಿದಾನ

೨೦೦೬ರ ಆಗಸ್ಟ್ ತಿಂಗಳಲ್ಲಿ ತಾಪಿ ನದಿಯ ಪ್ರವಾಹವು ಸೂರತ್ ನಗರವನ್ನು ಮುಳುಗಿಸಿದಾಗ, ಮಾಳಿಗೆಗಳ ಮೇಲೆ ಸಿಲುಕಿದ್ದವರಿಗೆ ಹೆಲಿಕಾಪ್ಟರುಗಳಿಂದ ಆಹಾರದ ಪೊಟ್ಟಣಗಳನ್ನು ಇಳಿಸಲಾಯಿತು. ೨೦೦೧ರ ಜನವರಿ ೨೬ರ ಭೂಕಂಪದ ತರುವಾಯ ಕಚ್ಛದಲ್ಲಿಯೂ ಅವು ದುಡಿದುವು. ಗುಜರಾತಿನಲ್ಲಿ ನೆಲೆಸಿರುವ ನಮಗೆ ಇವು ದೂರದ ಸಮಾಚಾರಗಳಲ್ಲ. ಅಂಥ ವೇಳೆಯಲ್ಲಿ ಎಂಜಿನ್ನೇ ಹೊತ್ತಿಕೊಳ್ಳದೆ ಹೋದರೆ ಏನು ಗತಿ? ವೈದ್ಯರ ಲೇಖನಗಳ ನಡುವೆ ಯಂತ್ರದ ವ್ಯಾಧಿಯೊಂದರ ನಿದಾನಕ್ಕೂ ಮಣಿನಗರದ ವಾಚಕರು ಸ್ಥಳ ಕೊಡುವರೆಂದು ನಂಬಿದ್ದೇನೆ.

ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯು ಫ್ರಾನ್ಸಿನ ಪರವಾನಗಿಯ ಮೇಲೆ ನಿರ್ಮಿಸಿದ 'ಚೇತಕ್' ಮತ್ತು 'ಚೀತಾ' ಹೆಲಿಕಾಪ್ಟರುಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎರಡರಲ್ಲಿಯೂ ಇರುವುದು ಆರ್ಟೂಸ್ಟ್ ಎಂಬ ಟರ್ಬೈನ್ ಎಂಜಿನ್. ಗುಂಡಿಯನ್ನೊತ್ತಿದೊಡನೆ ಬ್ಯಾಟರಿಯ ಶಕ್ತಿಯಿಂದ ಸ್ಟಾರ್ಟರ್ ಎಂಜಿನ್ನಿನ ದಂಡವನ್ನು ತಿರುಗಿಸುತ್ತದೆ. ಕಂಪ್ರೆಸರ್ ಗಾಳಿಯನ್ನು ಒತ್ತಿ ದಹನಕೋಷ್ಠಕ್ಕೆ ನೂಕುತ್ತದೆ. ಸಣ್ಣ ಪಂಪೊಂದು ಎರಡು ಪಂಜುಗಳಿಗೆ ತುಸುವೇ ಇಂಧನವನ್ನು ಒದಗಿಸಿ, ವಿದ್ಯುತ್ ಕಿಡಿಯಿಂದ ಅವು ಹೊತ್ತಿಕೊಳ್ಳುತ್ತವೆ. ವೇಗವು ಸಾಕಷ್ಟು ಏರಿದ ಮೇಲೆಯೇ ಮುಖ್ಯ ಇಂಧನದ ಕವಾಟ ತೆರೆಯತಕ್ಕದ್ದು. ಗಾಳಿ, ಕಿಡಿ, ಇಂಧನ, ಈ ಕ್ರಮ ತಪ್ಪಿತೆಂದರೆ ತೊಂದರೆ ಪ್ರಾರಂಭವಾಯಿತೆಂದೇ ಅರ್ಥ.

ಎಂಜಿನ್ ಹೊತ್ತಿಕೊಳ್ಳದಿದ್ದಾಗ ತಂತ್ರಜ್ಞನು ಮೊದಲು ನೋಡುವುದು ಹೊಗೆಕೊಳವೆಯನ್ನು. ಅಲ್ಲಿ ಬಿಳಿಯ ಮಂಜಿನಂತೆ ಇಂಧನದ ಆವಿ ಕಂಡರೆ, ಇಂಧನ ಬಂದಿದೆ, ಕಿಡಿ ಇಲ್ಲ. ದೋಷವನ್ನು ಇಗ್ನೈಟರಿನಲ್ಲಿ ಹುಡುಕಬೇಕು. ಏನೂ ಕಾಣದಿದ್ದರೆ ಇಂಧನವೇ ತಲುಪಿಲ್ಲ. ಆಗ ಕವಾಟ ಮುಚ್ಚಿದೆಯೇ, ಟ್ಯಾಂಕಿನ ಬೂಸ್ಟರ್ ಪಂಪು ನಡೆಯುತ್ತಿದೆಯೇ, ಫಿಲ್ಟರ್ ಕಟ್ಟಿದೆಯೇ ಎಂದು ಟ್ಯಾಂಕಿನಿಂದ ಎಂಜಿನ್ನಿನವರೆಗೆ ಹೆಜ್ಜೆ ಹೆಜ್ಜೆಯಾಗಿ ನಡೆದುಬರಬೇಕು. ಫಿಲ್ಟರನ್ನು ಬದಲಿಸಿದ ಮರುದಿನವೇ ಎಂಜಿನ್ ಮೊಂಡು ಹಿಡಿದರೆ, ಕೊಳವೆಯಲ್ಲಿ ಗಾಳಿ ಉಳಿದಿದೆಯೆಂದು ಊಹಿಸಬಹುದು. ಪಂಪು ಎಳೆಯುವ ಪಾರ್ಶ್ವದಲ್ಲಿ ಸಂದು ಸಡಿಲವಾಗಿದ್ದರಂತೂ ಕೇಡು ಇನ್ನೂ ಗುಪ್ತವಾದುದು: ಇಂಧನ ಹೊರಗೆ ತೊಟ್ಟಿಕ್ಕುವುದಿಲ್ಲ, ಬದಲಾಗಿ ಗಾಳಿಯೇ ಒಳಗೆ ಸೇರುತ್ತದೆ. ನೆಲ ಒಣಗಿದೆ, ಸೋರಿಕೆಯಿಲ್ಲ ಎಂದು ನಂಬುವವನು ಮೋಸಹೋಗುತ್ತಾನೆ.

ಆದರೆ ಹೊತ್ತದ ಎಂಜಿನ್ನಿಗಿಂತ ಅತಿಯಾಗಿ ಹೊತ್ತುವ ಎಂಜಿನ್ ಹೆಚ್ಚು ಅಪಾಯಕಾರಿ. ನಮ್ಮ ಬೀದಿಗಳಲ್ಲಿ ಹಟಮಾರಿ ಸ್ಕೂಟರನ್ನು ಹತ್ತು ಸಲ ಒದೆದು ಎಬ್ಬಿಸುವ ಅಭ್ಯಾಸವಿತ್ತಷ್ಟೆ. ಟರ್ಬೈನಿನ ಮುಂದೆ ಆ ಹಟ ನಡೆಯದು. ವಿಫಲ ಪ್ರಯತ್ನದಲ್ಲಿ ಸುರಿದ ಇಂಧನವು ಕೋಷ್ಠದ ತಳದಲ್ಲಿ ನಿಂತಿರಬಹುದು. ಅದನ್ನು ಹೊರಬಿಡುವ ಕವಾಟ ಅಂಟಿಕೊಂಡಿದ್ದರೆ, ಎರಡನೆಯ ಸಲ ಗುಂಡಿಯೊತ್ತಿದಾಗ ಹಳೆಯದೂ ಹೊಸದೂ ಒಟ್ಟಿಗೆ ಉರಿಯುತ್ತವೆ. ಕೋಷ್ಠದ ಜ್ವಾಲೆಯ ತಾಪ ಸುಮಾರು ೨೦೦೦ ಡಿಗ್ರಿ ಸೆಂಟಿಗ್ರೇಡ್. ಒಳಬಂದ ಗಾಳಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಉರಿಯಲು ಬೇಕು. ಮಿಕ್ಕದ್ದೆಲ್ಲ ತಂಪು ಮಾಡುವುದಕ್ಕಾಗಿ. ಬ್ಯಾಟರಿ ದುರ್ಬಲವಾಗಿ ದಂಡ ನಿಧಾನವಾಗಿ ತಿರುಗಿದರೆ ಈ ತಂಪಿನ ಗಾಳಿಯೇ ಇಲ್ಲ. ಕೆಲವೇ ಸೆಕೆಂಡುಗಳಲ್ಲಿ ಟರ್ಬೈನಿನ ಅಲಗುಗಳು ಹಾಳಾಗಬಹುದು, ಮತ್ತು ಆ ಹಾನಿ ಕಣ್ಣಿಗೆ ಕಾಣದೆಯೂ ಇರಬಹುದು. ಆದುದರಿಂದಲೇ ತಾಪಮಾಪಕದ ಮುಳ್ಳು ಮಿತಿಯತ್ತ ಧಾವಿಸುತ್ತಲೇ ಇಂಧನವನ್ನು ನಿಲ್ಲಿಸಿ, ಕಿಡಿಯಿಲ್ಲದೆ ಎಂಜಿನ್ನನ್ನು ಬರಿದೇ ತಿರುಗಿಸಿ ಗಾಳಿಯಾಡಿಸುವ ವಿಧಿ. ೨೦೧೬ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪ ೪೮ ಡಿಗ್ರಿ ಮುಟ್ಟಿತ್ತು. ಅಂಥ ದಿನ ಗಾಳಿ ತೆಳುವಾಗಿ, ಮಿತಿಗೆ ಉಳಿಯುವ ಅಂತರ ಇನ್ನೂ ಕಿರಿದಾಗುತ್ತದೆ.

ಹೊತ್ತಿಕೊಂಡರೂ ವೇಗ ಏರದೆ ನಡುವೆಯೇ ನಿಲ್ಲುವ ಎಂಜಿನ್ನಿಗೆ ಬ್ಯಾಟರಿಯ ನಿಶ್ಶಕ್ತಿಯೋ, ಇಂಧನ ನಿಯಂತ್ರಕದ ದೋಷವೋ ಕಾರಣ.

ಗಾಳಿ ವಿರಳವಾದರೆ ಆಗುವುದೇನೆಂಬುದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. ೧೯೭೨ರ ಜೂನ್ ೨೧ರಂದು ಫ್ರಾನ್ಸಿನ ಝಾನ್ ಬೂಲೆ ಎಂಬ ಚಾಲಕರು 'ಲಾಮಾ' ಹೆಲಿಕಾಪ್ಟರನ್ನು ೧೨,೪೪೨ ಮೀಟರ್ ಎತ್ತರಕ್ಕೇರಿಸಿ ವಿಶ್ವದಾಖಲೆ ಸ್ಥಾಪಿಸಿದರು. ನಮ್ಮ ಚೀತಾ ಅದೇ ಲಾಮಾದ ಭಾರತೀಯ ರೂಪ. ಅಲ್ಲಿ ಶಕ್ತಿಯನ್ನು ತಗ್ಗಿಸುತ್ತಲೇ ಜ್ವಾಲೆ ಆರಿಹೋಯಿತು. ಗಾಳಿಯಿಂದಲೇ ತಿರುಗುವ ರೆಕ್ಕೆಗಳನ್ನು ನೆಚ್ಚಿ ಅವರು ನೆಲದವರೆಗೂ ಎಂಜಿನ್ನಿಲ್ಲದೆ ಇಳಿದುಬಂದರು.

ಇನ್ನು ನೀರಿನ ವಿಷಯ. ವಡೋದರದ ಬಳಿಯ ಕೊಯಲಿಯಂಥ ಸಂಸ್ಕರಣಾಗಾರದಿಂದ ಶುದ್ಧವಾಗಿ ಹೊರಟ ಇಂಧನವೂ ದಾರಿಯಲ್ಲಿ ನೀರನ್ನು ಕೂಡಿಸಿಕೊಳ್ಳಬಲ್ಲದು. ಮಳೆಗಾಲದ ರಾತ್ರಿ ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆಯ ಮೇಲೆ ತೇವ ಹನಿಗಟ್ಟಿ ತಳಕ್ಕಿಳಿಯುತ್ತದೆ. ನೀರೂ ಇಂಧನವೂ ಸಂಧಿಸುವ ಗಡಿಯಲ್ಲಿ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ. ಇಂಧನವೇ ಅದರ ಆಹಾರ. ಅದರ ಲೋಳೆ ಫಿಲ್ಟರನ್ನು ಕಟ್ಟುವುದಲ್ಲದೆ, ಅದು ವಿಸರ್ಜಿಸುವ ಆಮ್ಲ ಟ್ಯಾಂಕಿನ ಲೋಹವನ್ನೂ ಕೊರೆಯುತ್ತದೆ. ರಕ್ತಪರೀಕ್ಷೆಯಂತೆ ಇದಕ್ಕೂ ಸುಲಭವಾದ ಪರೀಕ್ಷೆಯುಂಟು. ದಿನದ ಮೊದಲ ಹಾರಾಟಕ್ಕೆ ಮುನ್ನ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಪಾತ್ರೆಗೆ ಬಸಿದು ಬೆಳಕಿಗೆ ಹಿಡಿಯುತ್ತಾರೆ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಪಾತ್ರೆಯ ತುಂಬ ನೀರೇ ಬಂದಿದ್ದರೆ ಗೆರೆ ಕಾಣದೆ ಶುದ್ಧ ಇಂಧನವೆಂಬ ಭ್ರಮೆ ಹುಟ್ಟಬಹುದಾದ ಕಾರಣ, ಅನುಭವಿಗಳು ಅದನ್ನು ಮೂಸಿಯೂ ನೋಡುತ್ತಾರೆ.