ಕಾಂಡೋಮ್ ‘ಕಂಫರ್ಟ್’ ಇಲ್ವಾ? ಅದು ಯಾವುದರಿಂದ ಮಾಡಿದ್ದು ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ರಬ್ಬರ್ ತೋಟ ನೋಡಿದವರಿಗೆ ಮರದಿಂದ ತೊಟ್ಟಿಕ್ಕುವ ಬಿಳಿ ಹಾಲು ಗೊತ್ತು. ಮಾಮೂಲಿ ಕಾಂಡೋಮ್ ಆಗೋದು ಅಂಥದ್ದೇ ಲೇಟೆಕ್ಸ್‌ನಿಂದ. ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ಸರ್ಕಾರಿ ಸ್ವಾಮ್ಯದ ಎಚ್‌ಎಲ್‌ಎಲ್‌ನ ಕಾಂಡೋಮ್ ಕಾರ್ಖಾನೆಯೇ ಇದೆ. ಆದರೂ ಮೆಡಿಕಲ್ ಶಾಪ್‌ನಲ್ಲಿ, ಪೇಪರ್ ಸುತ್ತಿದ ಪ್ಯಾಕೆಟನ್ನು ಜೇಬಿಗೆ ಸೇರಿಸುವ ಗಡಿಬಿಡಿಯಲ್ಲಿ, ‘ಇದು ಯಾವುದರದ್ದು?’ ಅಂತ ನಾನೂ ಕೇಳಿದವನಲ್ಲ.

ಲೇಟೆಕ್ಸ್ ಅಗ್ಗ, ಚೆನ್ನಾಗಿ ಹಿಗ್ಗುತ್ತದೆ. ಆದರೆ ಅದರಲ್ಲಿರುವ ಪ್ರೋಟೀನ್ ಕೆಲವರಿಗೆ ಅಲರ್ಜಿ: ತುರಿಕೆ, ಉರಿ. ಅಂಥವರಿಗೆ ಪಾಲಿಐಸೊಪ್ರೀನ್ ಇದೆ. ಇದು ಕೃತಕ ರಬ್ಬರ್. ಮೃದು, ಆ ಪ್ರೋಟೀನ್ ಇಲ್ಲ. ಪಾಲಿಯುರೆಥೇನ್ ಒಂದು ಬಗೆಯ ಪ್ಲಾಸ್ಟಿಕ್; ತೆಳು, ಮೈಬಿಸಿ ತಾಗುತ್ತದೆ. ಆದರೆ ಹಿಗ್ಗೋದು ಕಡಿಮೆ, ಹರಿಯೋ ಸಾಧ್ಯತೆ ಲೇಟೆಕ್ಸ್‌ಗಿಂತ ಹೆಚ್ಚು. ಒಣಗಿ ಉಜ್ಜುತ್ತದೆ ಅಂತ ತೆಂಗಿನೆಣ್ಣೆ ಹಚ್ಚಬೇಡಿ; ಮೊದಲೆರಡನ್ನೂ ಎಣ್ಣೆ ಹಾಳು ಮಾಡುತ್ತದೆ. ನೀರಿನಂಶದ ಜೆಲ್ ಬಳಸಿ.

ಇದು ಬರೀ ಸುಖದ ಲೆಕ್ಕವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದ ವಿವಾಹಿತ ದಂಪತಿಗಳಲ್ಲಿ ಹೆಂಡತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವುದು ಶೇ 37.9, ಗಂಡನಿಗೆ ಶೇ 0.3. ಕಾಂಡೋಮ್ ಬಳಸುವವರು ಶೇ 9.5. ‘ಕಂಫರ್ಟ್ ಇಲ್ಲ’ ಅಂತ ಗಂಡಸು ಪ್ಯಾಕೆಟ್ ಬದಿಗಿಟ್ಟರೆ ಭಾರ ಹೊರೋದು ಹೆಚ್ಚಾಗಿ ಹೆಣ್ಣೇ. ಸರ್ಕಾರ ಉಚಿತವಾಗಿ ಹಂಚುವ ನಿರೋಧ್ ಲೇಟೆಕ್ಸ್‌ನದು. ಅಲರ್ಜಿ ಇದ್ದವರಿಗೆ ಅಲ್ಲೇ ಇನ್ನೊಂದೂ ಸಿಗಲಿ ಅಂತ ಕೇಳೋದೂ ರಾಜಕೀಯವೇ. ಮೊದಲು ಕೌಂಟರ್‌ನಲ್ಲಿ ಕೇಳೋಣ.